ಮಿತಿಯೊಳಗಿನ ಗಾಳಿ ಏನು ಮಾಡುತ್ತದೆ?

(ಬಡಾವಣೆಯ ಹಿರಿಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನವರ ಹತ್ತಿರ ಗಾಳಿಯ ಮಾತು ತೆಗೆದರೆ ಮೊದಲು ಬರುವ ಉತ್ತರ ಒಂದೇ: "ದೆಹಲಿಗಿಂತ ವಾಸಿ ಬಿಡಿ." ನಿಜ, ವಾಸಿನೇ. ದೆಹಲಿಯಲ್ಲಿ ಪಿಎಂ 2.5 ಅನ್ನುವ ಸಣ್ಣ ಕಣಗಳ ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಆಸುಪಾಸು ಇದೆ. ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ 30ರ ಆಸುಪಾಸು. ದೇಶದ ಮಿತಿ 40. ಅಂದರೆ ನಾವು ಪಾಸ್. ಈ ಪಾಸ್ ಆದದ್ದರ ಬಗ್ಗೆಯೇ ಇವತ್ತು ಮಾತಾಡೋಣ.

ನಾನು ಡಾಕ್ಟರ್ ಅಲ್ಲ. ಗಾಳಿ ಅಳೆಯುವ ಕೆಲಸದಲ್ಲಿ ಇದ್ದವನು. ಹಾಗಾಗಿ ಅಳತೆಯಿಂದಲೇ ಶುರು ಮಾಡುತ್ತೇನೆ.

ಪಿಎಂ 2.5 ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ರಕ್ತದಲ್ಲಿರುವ ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್. ಅದರ ಮೂರನೇ ಒಂದು ಭಾಗ ಅಂದುಕೊಳ್ಳಿ. ಇಷ್ಟು ಸಣ್ಣ ಕಣ ನೆಲಕ್ಕೆ ಬೀಳುವುದೇ ಇಲ್ಲ ಅನ್ನಬಹುದು. ಗಾಳಿ ಅಲುಗಾಡದ ಕೋಣೆಯಲ್ಲೂ ಗಂಟೆಗೆ ಒಂದು ಮೀಟರ್ ಇಳಿದರೆ ಜಾಸ್ತಿ. ಹೊರಗೆ ದಿನಗಟ್ಟಲೆ ತೇಲುತ್ತದೆ, ನೂರಾರು ಕಿಲೋಮೀಟರ್ ಹೋಗುತ್ತದೆ. ಕಿಟಕಿ ಗೂಡಿನ ಮೇಲೆ ಬೆರಳಾಡಿಸಿದಾಗ ಅಂಟುವ ಧೂಳು ಇದಲ್ಲ. ಅದು ದಪ್ಪ ಧೂಳು. ಅದಕ್ಕೆ ಸೀನುತ್ತೇವೆ, ಕೆಮ್ಮುತ್ತೇವೆ, ಹೊರಗೆ ಹಾಕುತ್ತೇವೆ. ಇದಕ್ಕೆ ಸೀನೂ ಬರುವುದಿಲ್ಲ.

ಅಳೆಯುವ ಹಳೆಯ ವಿಧಾನ ಬಹಳ ಸರಳ. ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ, ದುಂಡನೆಯ ಬಿಳಿ ಫಿಲ್ಟರ್. ಅದನ್ನು ಒಂದೇ ಬಿಸಿ, ಒಂದೇ ತೇವ ಇರುವ ಕೋಣೆಯಲ್ಲಿ ಒಂದು ದಿನ ಇಟ್ಟು, ಆಮೇಲೆ ಮೈಕ್ರೋಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿಯಲ್ಲಿ ತೂಗಬೇಕು. ಮೆಷಿನ್ನಿಗೆ ಹಾಕಿದರೆ ಅದು ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ. 24 ಗಂಟೆಗೆ 24 ಘನ ಮೀಟರ್. ಮತ್ತೆ ತೂಗಿದರೆ ಎಷ್ಟು ಹೆಚ್ಚಾಯಿತೋ ಅದೇ ಕಣದ ತೂಕ. ಗಾಳಿಯಲ್ಲಿ 30 ಮೈಕ್ರೋಗ್ರಾಂ ಇದ್ದ ದಿನ ಆ ಫಿಲ್ಟರಿನ ಮೇಲೆ ಕೂರುವುದು 720 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೆ ಬಿಳಿ ಹಾಳೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮನುಷ್ಯ ದಿನಕ್ಕೆ ಎಳೆದುಕೊಳ್ಳುವ ಗಾಳಿ ಹೆಚ್ಚುಕಡಿಮೆ ಇದರ ಅರ್ಧ. ಗಂಡ ಹೆಂಡತಿ ಇಬ್ಬರೂ ಒಂದು ದಿನ ಉಸಿರಾಡಿದ್ದು ಆ ಒಂದು ಹಾಳೆಯ ಮೇಲೆ ಇರುತ್ತದೆ.

ಅರ್ಧ ಮಿಲಿಗ್ರಾಮಿಗೂ ಕಡಿಮೆ ಮಸಿ ಮನುಷ್ಯನನ್ನು ಏನು ಮಾಡೀತು? ನ್ಯಾಯವಾದ ಪ್ರಶ್ನೆ. ವಿಜ್ಞಾನಿಗಳೂ ಬಹಳ ಕಾಲ ಹಾಗೇ ಕೇಳಿದರು.

1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಐದು ದಿನ ಕಲ್ಲಿದ್ದಲಿನ ಹೊಗೆ ಮಂಜಿನ ಜೊತೆ ಸೇರಿ ಊರನ್ನೇ ಮುಚ್ಚಿತ್ತು. ಸತ್ತವರು 4 ಸಾವಿರ ಅಂತ ಆಗ ಹೇಳಿದರು, ಆಮೇಲಿನ ಲೆಕ್ಕ 12 ಸಾವಿರದವರೆಗೆ ಹೋಗುತ್ತದೆ. ಅಂಥ ಹೊಗೆ ಕೊಲ್ಲುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಆದರೆ ಕಣ್ಣಿಗೇ ಕಾಣದಷ್ಟು ಕಡಿಮೆ ಇದ್ದಾಗ? ದೊಡ್ಡ ಹೊಗೆ ಹೋದರೆ ಸಾಕು, ಉಳಿದದ್ದು ಲೆಕ್ಕಕ್ಕಿಲ್ಲ ಅಂತಲೇ ಬಹಳ ಮಂದಿ ನಂಬಿದ್ದರು.

ಆ ನಂಬಿಕೆ ಮುರಿದದ್ದು ಅಮೆರಿಕದ ಆರು ಊರುಗಳ ಅಧ್ಯಯನದಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1970ರ ದಶಕದಲ್ಲಿ ಶುರು ಮಾಡಿದ್ದು. ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಹೆಸರು ಬರೆದುಕೊಂಡರು. ಬೀಡಿ ಸಿಗರೇಟು, ತೂಕ, ಓದು, ಮಾಡುವ ಕೆಲಸ ಎಲ್ಲ ಕೇಳಿಕೊಂಡರು. ಹದಿನಾಲ್ಕರಿಂದ ಹದಿನಾರು ವರ್ಷ ಹಿಂದೆಬಿದ್ದು ಯಾರು ಬದುಕಿದ್ದಾರೆ, ಯಾರು ಹೋದರು ಅಂತ ನೋಡಿದರು. 1993ರಲ್ಲಿ ಫಲಿತಾಂಶ ಬಂತು. ಆರರಲ್ಲಿ ಹೆಚ್ಚು ಕೊಳಕಾದ ಊರು ಸ್ಟೂಬೆನ್‌ವಿಲ್, ಒಹಾಯೋ ನದಿಯ ದಂಡೆಯ ಉಕ್ಕಿನ ಊರು. ಹೆಚ್ಚು ಚೊಕ್ಕಟವಾದದ್ದು ವಿಸ್ಕಾನ್ಸಿನ್ನಿನ ಪೋರ್ಟೇಜ್. ಸಿಗರೇಟು ಮುಂತಾದ ಬೇರೆ ಕಾರಣಗಳನ್ನೆಲ್ಲ ಕಳೆದ ಮೇಲೂ ಸ್ಟೂಬೆನ್‌ವಿಲ್ಲಿನಲ್ಲಿ ಸಾವಿನ ದರ ಪೋರ್ಟೇಜ್‌ಗಿಂತ ಶೇಕಡಾ 26 ಜಾಸ್ತಿ.

ಈಗ ಒಂದು ಅಂಕಿ ಹೇಳುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ. ಆ "ಕೊಳಕು" ಊರಿನ ಪಿಎಂ 2.5 ಎಷ್ಟಿತ್ತು? ಸುಮಾರು 30. ಪೋರ್ಟೇಜ್‌ನಲ್ಲಿ 11.

ಬೆಂಗಳೂರಿನದೂ 30 ಅಂತ ಈಗ ತಾನೇ ಹೇಳಿದೆ, ಅಲ್ವಾ? ಕಣ ಒಂದೇ ಥರದ್ದಲ್ಲ, ಅಲ್ಲಿ ಉಕ್ಕಿನ ಕಾರ್ಖಾನೆ, ಇಲ್ಲಿ ವಾಹನ, ಕಸದ ಬೆಂಕಿ, ಡೀಸೆಲ್ ಜನರೇಟರ್. ಹಾಗಾಗಿ ಆ ಶೇಕಡಾ 26ನ್ನು ಹಾಗೇ ತಂದು ನಮ್ಮ ಮೇಲೆ ಹೇರುವುದು ಸರಿಯಲ್ಲ. ಆದರೆ ಅಮೆರಿಕದವರು ಯಾವ ಗಾಳಿಯನ್ನು ನೋಡಿ ಬೆಚ್ಚಿಬಿದ್ದು ಕಾನೂನು ಮಾಡಿದರೋ ಅದೇ ಅಂಕಿಯ ಗಾಳಿಯಲ್ಲಿ ಕೂತು ನಾವು "ವಾಸಿ ಬಿಡಿ" ಅನ್ನುತ್ತಿದ್ದೇವೆ.

ಈ ಅಧ್ಯಯನಕ್ಕೆ ಕೈಗಾರಿಕೆಯವರು ಸುಮ್ನೆ ಕೂರಲಿಲ್ಲ. ಮೂಲ ದಾಖಲೆ ತೋರಿಸಿ ಅಂತ ಪಟ್ಟು ಹಿಡಿದರು. ಜನರ ಖಾಸಗಿ ಆರೋಗ್ಯದ ವಿವರ ಅದು, ಹಾಗೆಲ್ಲ ಕೊಡಲಾಗದು. ಕೊನೆಗೆ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆಗೆ ಒಪ್ಪಿಸಿದರು. ಆ ಸಂಸ್ಥೆಗೆ ಅರ್ಧ ದುಡ್ಡು ಸರ್ಕಾರದ್ದು, ಇನ್ನರ್ಧ ವಾಹನ ತಯಾರಕರದ್ದು. ಅವರು ಹೊಸದಾಗಿ ಲೆಕ್ಕ ಹಾಕಿ 2000ನೇ ಇಸವಿಯಲ್ಲಿ ವರದಿ ಕೊಟ್ಟರು: ಲೆಕ್ಕ ಸರಿಯಾಗಿದೆ. ಆಮೇಲೆ ಇನ್ನೂ ಎಂಟು ವರ್ಷದ ದಾಖಲೆ ಸೇರಿಸಿ ನೋಡಿದಾಗ, ಗಾಳಿ ಚೊಕ್ಕಟವಾದ ಊರುಗಳಲ್ಲಿ ಸಾವೂ ಇಳಿದದ್ದು ಕಂಡಿತು. ನನಗೆ ಮೊದಲ ಫಲಿತಾಂಶಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಇದೇ ಥರದ ಇನ್ನೊಂದು ಕತೆ ಯೂಟಾ ರಾಜ್ಯದ್ದು. ಅಲ್ಲಿ ಒಂದು ಉಕ್ಕಿನ ಕಾರ್ಖಾನೆ ಕಾರ್ಮಿಕರ ತಗಾದೆಯಿಂದ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಆರ್ಡೆನ್ ಪೋಪ್ ಅನ್ನುವ ಅರ್ಥಶಾಸ್ತ್ರಜ್ಞ ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದಾಗ ದಮ್ಮು, ಎದೆಕಫ ಅಂತ ಆಸ್ಪತ್ರೆ ಸೇರುತ್ತಿದ್ದ ಪುಟ್ಟ ಮಕ್ಕಳು ಮುಚ್ಚಿದ್ದಾಗಿನ ಹತ್ತಿರ ಹತ್ತಿರ ಎರಡರಷ್ಟು. ಯಾರೂ ಬೇಕೆಂದು ಮಾಡಿದ ಪ್ರಯೋಗವಲ್ಲ. ತಾನಾಗಿ ಆದದ್ದು.

ಇಷ್ಟು ಕಡಿಮೆ ಮಸಿ ಇದನ್ನೆಲ್ಲ ಹೇಗೆ ಮಾಡುತ್ತದೆ? ಮೂಗು, ಗಂಟಲು, ಶ್ವಾಸನಾಳದಲ್ಲಿ ಲೋಳೆ ಮತ್ತು ಸಣ್ಣ ಸಣ್ಣ ರೋಮಗಳಿವೆ. ಬಿದ್ದ ಧೂಳನ್ನು ಅವು ಮೇಲಕ್ಕೆ ತಳ್ಳುತ್ತವೆ. ಶ್ವಾಸಕೋಶದ ತೀರಾ ಕೊನೆಯ ಗಾಳಿಗೂಡುಗಳಲ್ಲಿ ಆ ರೋಮ ಇಲ್ಲ. ಅಲ್ಲಿ ಇರುವುದು ಕಣವನ್ನು ನುಂಗುವ ಕಾವಲು ಜೀವಕೋಶಗಳು ಮಾತ್ರ. ಮಸಿ, ಲೋಹ, ಸಲ್ಫೇಟ್ ನುಂಗಿ ಅವು ಸುಸ್ತಾಗುತ್ತವೆ, ಗಾಯವಾದಾಗ ಬಿಡುವಂಥ ರಾಸಾಯನಿಕಗಳನ್ನು ಬಿಡುತ್ತವೆ. ಗಾಳಿಗೂಡಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನ್ ಕೂಡ ದಪ್ಪ ಇಲ್ಲ. ಉರಿಯೂತ ಅಲ್ಲಿಗೇ ನಿಲ್ಲದೆ ರಕ್ತಕ್ಕೆ ಇಳಿಯುತ್ತದೆ. ರಕ್ತ ಸ್ವಲ್ಪ ಬೇಗ ಹೆಪ್ಪುಗಟ್ಟುತ್ತದೆ, ರಕ್ತನಾಳದ ಒಳಪದರ ಬಿಗಿಯುತ್ತದೆ, ಹೃದಯದ ಬಡಿತದ ಲಯ ಏರುಪೇರಾಗುತ್ತದೆ. ತೀರಾ ಸಣ್ಣ ಕಣಗಳಂತೂ ಗೋಡೆ ದಾಟಿ ರಕ್ತಕ್ಕೇ ಹೋಗುತ್ತವೆ.

ಅದಕ್ಕೇ ಈ ಕಣದಿಂದ ಆಗುವ ಸಾವು ಬಹುಪಾಲು ಶ್ವಾಸಕೋಶದ ಕಾಯಿಲೆ ಅಂತ ದಾಖಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೊರಗಿನ ಗಾಳಿಯ ಕೊಳೆಯಿಂದ ಜಗತ್ತಿನಲ್ಲಿ ಅಕಾಲಕ್ಕೆ ಸತ್ತವರು ಸುಮಾರು 42 ಲಕ್ಷ. ಅದರಲ್ಲಿ ಶೇಕಡಾ 68 ಹೃದಯಾಘಾತ ಮತ್ತು ಲಕ್ವ. ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 4ರಷ್ಟು. ಸಾವಿನ ಸರ್ಟಿಫಿಕೇಟಿನಲ್ಲಿ "ಗಾಳಿ" ಅಂತ ಯಾರೂ ಬರೆಯುವುದಿಲ್ಲ. ಬಿಪಿ ಇತ್ತು, ಶುಗರ್ ಇತ್ತು, ವಯಸ್ಸಾಗಿತ್ತು ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಈಗ ಮಿತಿಯ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ಪಿಎಂ 2.5ಕ್ಕೆ ಮೊದಲ ಬಾರಿ ಮಿತಿ ಹಾಕಿದ್ದು 2009ರ ನವೆಂಬರಿನಲ್ಲಿ. ವರ್ಷದ ಸರಾಸರಿ 40, ಒಂದು ದಿನದ ಸರಾಸರಿ 60. ಆಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದ್ದದ್ದು ವರ್ಷಕ್ಕೆ 10. ತುಂಬಾ ಕೊಳಕಾದ ದೇಶಗಳು ಏರಲಿ ಅಂತ ಅವರು ಮೆಟ್ಟಿಲುಗಳನ್ನೂ ಕೊಟ್ಟಿದ್ದರು, ಮೊದಲ ಮೆಟ್ಟಿಲೇ 35. ನಮ್ಮ 40 ಆ ಮೊದಲ ಮೆಟ್ಟಿಲಿಗಿಂತ ಕೆಳಗೆ ನಿಂತಿದೆ. 2021ರಲ್ಲಿ ಅವರು 10ನ್ನು 5ಕ್ಕೆ ಇಳಿಸಿದರು, ದಿನದ ಸರಾಸರಿಯನ್ನು 15ಕ್ಕೆ. ಅಷ್ಟು ಕಡಿಮೆ ಕಣ ಇರುವ ಊರುಗಳಲ್ಲೂ ಹಾನಿ ಕಾಣುತ್ತಿದೆ ಅನ್ನುವ ಅಧ್ಯಯನಗಳು ಅಷ್ಟು ಹೊತ್ತಿಗೆ ರಾಶಿ ಬಿದ್ದಿದ್ದವು. ಜಗತ್ತಿನ ಶೇಕಡಾ 99 ಮಂದಿ ಆ ಸಂಸ್ಥೆಯ ಮಿತಿ ಮೀರಿದ ಗಾಳಿ ಕುಡಿಯುತ್ತಿದ್ದಾರೆ. ಹಾಗಾಗಿ 5 ಅನ್ನುವುದು ನಾಳೆ ಬೆಳಿಗ್ಗೆ ಮುಟ್ಟುವ ಗುರಿ ಅಂತ ನಾನೂ ಹೇಳುವುದಿಲ್ಲ.

ಅಮೆರಿಕದಲ್ಲಿ 1997ರಲ್ಲಿ 15 ಅಂತ ಶುರುವಾಗಿ, 2012ರಲ್ಲಿ 12 ಆಯಿತು, 2024ರಲ್ಲಿ 9 ಆಯಿತು. ಅಲ್ಲಿನ ಕಾನೂನಿನ ಒಂದು ಅಂಶ ನನಗೆ ಬಹಳ ಇಷ್ಟ. ಮಿತಿಯ ಅಂಕಿ ನಿಗದಿ ಮಾಡುವಾಗ ಖರ್ಚು ಎಷ್ಟಾಗುತ್ತದೆ ಅಂತ ನೋಡುವ ಹಾಗಿಲ್ಲ, ಜನರ ಆರೋಗ್ಯ ಒಂದೇ ನೋಡಬೇಕು. ಖರ್ಚಿನ ಮಾತು ಆ ಮಿತಿಯನ್ನು ಹೇಗೆ ಮುಟ್ಟುವುದು ಅನ್ನುವಾಗ. ಲಾರಿ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನೇ ಎತ್ತಿಹಿಡಿಯಿತು. ಮಿತಿ ದಾಟಿದ ಊರಿರುವ ರಾಜ್ಯ ಯೋಜನೆ ಬರೆದು ಕೊಡಬೇಕು, ಕೊಡದಿದ್ದರೆ ಹೆದ್ದಾರಿಗೆ ಬರುವ ಹಣಕ್ಕೆ ಕತ್ತರಿ ಬೀಳಬಹುದು. ನಮ್ಮಲ್ಲಿ ಅಂಥ ಬಿಗಿಯಿಲ್ಲ.

ಇನ್ನು ಮೊಬೈಲಿನಲ್ಲಿ ಎಲ್ಲರೂ ನೋಡುವ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ. 2015ರಿಂದ ಇದು ನಮ್ಮಲ್ಲಿದೆ. ಪಿಎಂ 2.5 ದಿನದ ಸರಾಸರಿ 30ರವರೆಗೆ ಇದ್ದರೆ "ಉತ್ತಮ", 60ರವರೆಗೆ "ತೃಪ್ತಿಕರ". ಎರಡಕ್ಕೂ ಹಸಿರು ಬಣ್ಣವೇ, ಒಂದು ಕಡು, ಒಂದು ತಿಳಿ. ಈಗ ಲೆಕ್ಕ ಹಾಕಿ. ವರ್ಷದ 365 ದಿನವೂ 30 ಇದ್ದರೆ ದಿನವೂ ನಿಮ್ಮ ಮೊಬೈಲ್ "ಉತ್ತಮ" ಅನ್ನುತ್ತದೆ. ವರ್ಷದ ಕೊನೆಗೆ ನೀವು ಉಸಿರಾಡಿದ್ದು ಸ್ಟೂಬೆನ್‌ವಿಲ್ಲಿನಷ್ಟೇ ಕಣ. ಅದೇ 60 ಅನ್ನು ಅಮೆರಿಕದ ಅಳತೆಯಲ್ಲಿ ಹಾಕಿದರೆ 150 ದಾಟಿ, ಎಲ್ಲರ ಆರೋಗ್ಯಕ್ಕೂ ಕೆಟ್ಟದ್ದು ಅನ್ನುವ ಕೆಂಪು ಪಟ್ಟಿಗೆ ಬೀಳುತ್ತದೆ. ಒಂದೇ ದಿನ ಎರಡು ಆ್ಯಪ್ ಎರಡು ಅಂಕಿ ತೋರಿಸಿ ಗೊಂದಲ ಮಾಡುವುದಕ್ಕೆ ಇದೂ ಒಂದು ಕಾರಣ. ನನ್ನ ಸಲಹೆ ಏನೆಂದರೆ ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನೇ ನೋಡಿ. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ 5ನೇ ಬ್ಲಾಕ್ ಮುಂತಾದ ಕಡೆಯ ಕೇಂದ್ರಗಳ ಅಂಕಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ.

"ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮ ಮೈ ಒಗ್ಗಿಹೋಗಿದೆ" ಅನ್ನುವವರಿದ್ದಾರೆ. ಅವರಿಗೆ 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಬೇಕು. ದೆಹಲಿ, ಮುಂಬೈ, ವಾರಾಣಸಿ, ಶಿಮ್ಲಾ, ಬೆಂಗಳೂರು ಸೇರಿ ಹತ್ತು ಊರು, 2008ರಿಂದ 2019. ದಿನದಿನದ ಕಣದ ಅಂಕಿಯನ್ನೂ ಸಾವಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಣ 10 ಮೈಕ್ರೋಗ್ರಾಂ ಏರಿದರೆ ಆ ದಿನಗಳ ಸಾವು ಒಟ್ಟಾರೆ ಶೇಕಡಾ 1.4ರಷ್ಟು ಏರಿತು. ದೆಹಲಿಯಲ್ಲಿ ಏರಿಕೆ ಶೇಕಡಾ 0.31 ಮಾತ್ರ. ಬೆಂಗಳೂರಿನಲ್ಲಿ ಶೇಕಡಾ 3.06.

ಕೇಳಿದಾಗ ತಿರುಗುಮುರುಗಾಗಿ ಕಾಣುತ್ತದೆ, ಅಲ್ವಾ? ಇದರರ್ಥ ದೆಹಲಿಯ ಗಾಳಿ ಒಳ್ಳೆಯದು ಅಂತಲ್ಲ. ಈ ಕಣದಿಂದ ಆಗುವ ಒಟ್ಟು ಸಾವು ಅಲ್ಲಿ ಬಹಳ ಜಾಸ್ತಿ, ವರ್ಷಕ್ಕೆ ಸುಮಾರು 12 ಸಾವಿರ. ಬೆಂಗಳೂರಿನಲ್ಲಿ 2,100ರಷ್ಟು. ಹಾನಿಯ ಗೆರೆ ಶುರುವಿನಲ್ಲಿ ಕಡಿದಾಗಿ ಏರಿ ಆಮೇಲೆ ನಿಧಾನವಾಗುತ್ತದೆ. ಸಾರಿಗೆ ಹಾಕಿದ ಮೊದಲೆರಡು ಮೆಣಸಿನಕಾಯಿ ನಾಲಿಗೆಗೆ ತಟ್ಟಿದಷ್ಟು ಹದಿನೈದನೆಯದು ತಟ್ಟುವುದಿಲ್ಲ, ಹಾಗೆ. ಅದೇ ಅಧ್ಯಯನದಲ್ಲಿ, ನಮ್ಮ ದೇಶದ ದಿನದ ಮಿತಿ 60ರ ಒಳಗಿದ್ದ ದಿನಗಳನ್ನಷ್ಟೇ ಆರಿಸಿ ನೋಡಿದಾಗ ಏರಿಕೆ ಶೇಕಡಾ 2.7. ಅಂದರೆ ಮಿತಿಯೊಳಗೆ ಹಾನಿ ನಿಲ್ಲುವುದಿರಲಿ, ಒಂದೊಂದು ಮೈಕ್ರೋಗ್ರಾಮಿನ ಏಟು ಅಲ್ಲೇ ಜೋರು. ಇದನ್ನು ತಿರುಗಿಸಿ ನೋಡಿದರೆ ನಮಗೊಂದು ಒಳ್ಳೆಯ ಸುದ್ದಿಯೂ ಇದೆ. ಬೆಂಗಳೂರಿನಂಥ ಊರು 30ರಿಂದ 20ಕ್ಕೆ ಇಳಿದರೆ ಸಿಗುವ ಲಾಭ, ದೆಹಲಿ 100ರಿಂದ 90ಕ್ಕೆ ಇಳಿದರೆ ಸಿಗುವುದಿಲ್ಲ. ಇಲ್ಲಿ ಖರ್ಚು ಮಾಡಿದ ರೂಪಾಯಿಗೆ ಬೆಲೆ ಜಾಸ್ತಿ.

ಆದರೆ ರೂಪಾಯಿ ಎಲ್ಲಿ ಹೋಗುತ್ತಿದೆ? 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ತಂದಿತು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಅದರಲ್ಲಿವೆ. ಊರುಗಳ ಸಾಧನೆ ಅಳೆಯುವುದು ಪಿಎಂ 10 ಇಳಿಯಿತೇ ಅನ್ನುವುದರ ಮೇಲೆ, ಅಂದರೆ 10 ಮೈಕ್ರಾನ್‌ವರೆಗಿನ ಎಲ್ಲ ಕಣ, ದಪ್ಪ ಧೂಳೂ ಸೇರಿ. ಹಾಗಾಗಿ ಹಣದ ಬಹುಪಾಲು ರಸ್ತೆ ಧೂಳಿಗೆ, ಗುಡಿಸುವ ಯಂತ್ರಕ್ಕೆ, ನೀರು ಚಿಮುಕಿಸುವುದಕ್ಕೆ ಹೋಯಿತು. ಧೂಳು ಕಡಿಮೆಯಾಗಲಿ, ಬೇಡ ಅನ್ನುವವರು ಯಾರು? ಆದರೆ ಹೃದಯಕ್ಕೆ ಇಳಿಯುವ ಕಣ ಬರುವುದು ಹೆಚ್ಚಾಗಿ ಏನನ್ನಾದರೂ ಸುಡುವುದರಿಂದ. ಡೀಸೆಲ್, ಕಲ್ಲಿದ್ದಲು, ಸೌದೆ, ರಸ್ತೆ ಮೂಲೆಯಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದ ಕಸ, ಬೆಳಗಾವಿ ಕಡೆ ಹೊಲದಲ್ಲೇ ಸುಡುವ ಕಬ್ಬಿನ ರವದಿ. ಇವನ್ನು ಪೊರಕೆಯಿಂದ ಗುಡಿಸಲಾಗುವುದಿಲ್ಲ.

ಇನ್ನೊಂದು ಮೂಲ ಕಣ್ಣಿಗೆ ಕಾಣುವುದೇ ಇಲ್ಲ. ರಾಯಚೂರು, ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿಯಿಂದ ಬೂದಿಯ ಜೊತೆ ಗಂಧಕದ ಡೈಆಕ್ಸೈಡ್ ಅನಿಲವೂ ಬರುತ್ತದೆ. ಅದು ಗಾಳಿಯಲ್ಲಿ ಸಾಗುತ್ತಾ, ಹೊಲಗಳ ಯೂರಿಯಾ ಮತ್ತು ಸಗಣಿಯಿಂದ ಬರುವ ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣವಾಗುತ್ತದೆ. ಚಿಮಣಿಯಲ್ಲಿ ಅನಿಲ, ನೂರು ಕಿಲೋಮೀಟರ್ ಆಚೆ ಪಿಎಂ 2.5. ಈ ಅನಿಲವನ್ನು ತೊಳೆಯುವ ಯಂತ್ರ ಹಾಕಬೇಕು ಅಂತ 2015ರ ಡಿಸೆಂಬರಿನಲ್ಲಿ ದೇಶದ ಎಲ್ಲ ಸ್ಥಾವರಗಳಿಗೂ ಅನ್ವಯಿಸುವ ನಿಯಮ ಬಂತು. ಮೊದಲ ಗಡುವು 2017. ಅದು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ವಿನಾಯಿತಿಯೇ ಸಿಕ್ಕಿತು. ಕೊಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತಾ? ಊರುಗಳ ಗಾಳಿಯಲ್ಲಿ ಈ ಅನಿಲ ಮಿತಿಯೊಳಗೇ ಇದೆ ಅಂತ. ಅನಿಲ ಮಿತಿಯೊಳಗೆ ಇರುವುದು ನಿಜ, ಅದರಲ್ಲಿ ಒಂದು ಪಾಲು ಅಷ್ಟು ಹೊತ್ತಿಗೆ ಕಣವಾಗಿ ಬೇರೆ ಲೆಕ್ಕಕ್ಕೆ ಹೋಗಿರುತ್ತದಲ್ಲ!

ನನ್ನ ಮಾತು ಇಷ್ಟು. ಆಮೇಲೆ ಕೆಲವರು ಪ್ರಶ್ನೆ ಕೇಳಿದರು.

ಬೆಳಗಿನ ವಾಕಿಂಗ್ ಬಿಡಬೇಕಾ ಅಂತ ಒಬ್ಬ ಯಜಮಾನರು ಕೇಳಿದರು. ಖಂಡಿತ ಬೇಡ. ನಮ್ಮ ಊರಿನ ಮಟ್ಟದಲ್ಲಿ ನಡಿಗೆಯ ಲಾಭವೇ ದೊಡ್ಡದು. ಆದರೆ ರಿಂಗ್ ರೋಡಿನ ಅಂಚು ಬಿಟ್ಟು ಒಳಗಿನ ಅಡ್ಡರಸ್ತೆಯಲ್ಲೋ ಪಾರ್ಕಿನಲ್ಲೋ ನಡೆಯಿರಿ. ಡಿಸೆಂಬರ್, ಜನವರಿಯಲ್ಲಿ ನಸುಕಿಗೆ ತಣ್ಣನೆ ಗಾಳಿ ನೆಲಕ್ಕೆ ಒತ್ತಿಕೊಂಡಿರುತ್ತದೆ, ಹೊಗೆಯೂ ಕೆಳಗೇ ನಿಂತಿರುತ್ತದೆ. ಬಿಸಿಲು ಬಿದ್ದ ಮೇಲೆ ಹೊರಟರೆ ಒಳ್ಳೆಯದು.

ಮಾಸ್ಕ್? ಬಟ್ಟೆಯದ್ದು, ಕರ್ಚೀಫು ಈ ಕಣಕ್ಕೆ ಪ್ರಯೋಜನವಿಲ್ಲ. ಎನ್95 ಮುಖಕ್ಕೆ ಸರಿಯಾಗಿ ಕೂತರೆ ತಡೆಯುತ್ತದೆ. ದಿನವಿಡೀ ರಸ್ತೆಯಲ್ಲೇ ಇರುವ ಟ್ರಾಫಿಕ್ ಪೊಲೀಸರಿಗೆ, ಪೌರಕಾರ್ಮಿಕರಿಗೆ ಅದು ಬೇಕು. ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದಂತೆ, ನಿಜವಾ? ಗಿಡ ಚೆಂದಕ್ಕೆ ಇಡಿ. ಕಣ ಹಿಡಿಯುವುದು ಹೆಪಾ ಫಿಲ್ಟರ್ ಇರುವ ಯಂತ್ರ, ಅದೂ ಕಿಟಕಿ ಮುಚ್ಚಿದಾಗ.

ಊರಿನಿಂದ ಬಂದಿದ್ದ ಒಬ್ಬರು, ನಮ್ಮ ಮಲೆನಾಡಿನಲ್ಲಿ ಇದೆಲ್ಲ ಇಲ್ಲವಲ್ಲ ಅಂದರು. ಹೊರಗೆ ಇಲ್ಲ, ಒಳಗೆ ಇದೆ. ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲೊಲೆ ಉಳಿದಿದೆ. ಸೌದೆ ಉರಿಯುವ ಮುಚ್ಚಿದ ಕೋಣೆಯಲ್ಲಿ ಪಿಎಂ 2.5 ನೂರಾರು ಮೈಕ್ರೋಗ್ರಾಂ ಮುಟ್ಟುತ್ತದೆ. ದೆಹಲಿಯ ನವೆಂಬರ್ ನಿಮ್ಮ ಬಚ್ಚಲಲ್ಲೇ ಇರುತ್ತದೆ. ಹೊಗೆಗೂಡು ಸರಿಯಾಗಿದೆಯಾ ನೋಡಿಸಿ, ಸಾಧ್ಯವಾದರೆ ಸೋಲಾರ್ ಹಾಕಿಸಿ.

ಕೊನೆಗೆ ಒಬ್ಬ ಅಮ್ಮ ಸೊಳ್ಳೆ ಬತ್ತಿಯ ಬಗ್ಗೆ ಕೇಳಿದರು. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟು ಉರಿದಾಗ ಬರುವಷ್ಟು ಅಂತ 2003ರ ಒಂದು ಅಧ್ಯಯನದಲ್ಲಿದೆ. ಅದನ್ನು ಮಗುವಿನ ಮಂಚದ ಕೆಳಗೆ ಹಚ್ಚಿಟ್ಟು ಬಾಗಿಲು ಹಾಕುತ್ತೇವೆ. "ಹಾಗಾದ್ರೆ ಪ್ಲಗ್ಗಿಗೆ ಹಾಕೋ ಲಿಕ್ವಿಡ್ ಆಗುತ್ತಾ?" ಅಂದರು. ಅದು ಉರಿಯುವುದಿಲ್ಲ, ಹಾಗಾಗಿ ಹೊಗೆಯ ಮಸಿ ಇಲ್ಲ, ಬತ್ತಿಗಿಂತ ವಾಸಿ. ಆದರೆ ಅದರಲ್ಲೂ ಕೀಟನಾಶಕವೇ ಇರುವುದು. ಸೊಳ್ಳೆ ಪರದೆ ಕಟ್ಟಿಬಿಡಿ ಅಮ್ಮ, ಅಂದೆ. ಮೊಮ್ಮಗ ಪರದೆ ಹರಿದು ಹಾಕುತ್ತಾನೆ ಅಂದರು. ಕಿಟಕಿಗೆ ಜಾಲರಿ ಹಾಕಿಸಿ.